ಹೊರದೇಶದಿಂದ 1800 ನಂಬರಿಗೆ ಲೈನ್ ಸಿಗುತ್ತಿಲ್ಲವೇ? ತಪ್ಪು ಎಲ್ಲಿದೆ ಅಂತ ಹುಡುಕುವ ಕ್ರಮ

ಒಂದು ರಾತ್ರಿ ಹನ್ನೊಂದೂವರೆಗೆ ಯುಎಇಯ ಶಾರ್ಜಾದಿಂದ ಅಕ್ಕ ಕಾಲ್ ಮಾಡಿದಳು. ಅವಳ ಊರಿನ ಬ್ಯಾಂಕ್ ಖಾತೆಯಿಂದ ಯಾರೋ ದುಡ್ಡು ಎಳೆಯುತ್ತಿದ್ದರು. ಹತ್ತು ನಿಮಿಷದಲ್ಲಿ ಮೂರು ಮೆಸೇಜ್ ಬಂದಿತ್ತು. ಕಾರ್ಡ್ ಬ್ಲಾಕ್ ಮಾಡಿಸಬೇಕು. ಕಾರ್ಡಿನ ಹಿಂದೆ ಇದ್ದದ್ದು ಒಂದೇ ನಂಬರ್, 1800 ಅಂತ ಶುರುವಾಗುವುದು. ಆ ನಂಬರಿಗೆ ಲೈನ್ ಸಿಗುತ್ತಿರಲಿಲ್ಲ.

ನಾನು ಬೆಂಗಳೂರಿನಲ್ಲಿ ಹದಿನೈದು ವರ್ಷ ಕಾಲ್ ಸೆಂಟರ್‌ಗಳ ಫೋನ್ ಲೈನ್ ನೋಡಿಕೊಳ್ಳುವ ಕೆಲಸ ಮಾಡಿದವನು. "ಏನು ಒತ್ತಿದೆ, ಒತ್ತಿದ ಮೇಲೆ ಏನು ಕೇಳಿಸಿತು, ಒಂದೊಂದಾಗಿ ಹೇಳು" ಅಂದೆ.

ಮೊದಲು ಕಾರ್ಡಿನಲ್ಲಿ ಇದ್ದ ಹಾಗೇ 1800-xxx-xxxx ಒತ್ತಿದ್ದಳು. ಟೀ-ಟೂ-ಟೀಂ ಅಂತ ಏರುವ ಮೂರು ಸ್ವರ ಕೇಳಿಸಿ, ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ನಂಬರ್ ಸರಿಯಿಲ್ಲ ಅಂತ ಹೇಳಿತು. ಆಮೇಲೆ "ಹೊರದೇಶ ಅಲ್ವಾ" ಅಂತ ಮುಂದೆ 00 ಸೇರಿಸಿದಳು. ಈ ಸಲ ರಿಂಗ್ ಆಯಿತು! ಯಾರೋ ಇಂಗ್ಲಿಷಿನಲ್ಲಿ ಮಾತಾಡಿದರು, ನಿಮಗೆ ಬಹುಮಾನ ಬಂದಿದೆ, ಕಾರ್ಡ್ ನಂಬರ್ ಹೇಳಿ ಅಂದರು. ಅಕ್ಕ ಮೊದಲ ನಾಲ್ಕು ಅಂಕಿ ಹೇಳಿಯೇ ಬಿಟ್ಟಿದ್ದಳು. ಏನೋ ಸರಿಯಿಲ್ಲ ಅನಿಸಿ ಫೋನ್ ಇಟ್ಟಳು. ಮೂರನೇ ಸಲ +91 ಹಾಕಿ 1800 ಒತ್ತಿದಳು. ಸ್ವಲ್ಪ ಹೊತ್ತು ಮೌನ, ಆಮೇಲೆ ಬೀಪ್ ಬೀಪ್ ಅಂತ ಬೇಗ ಬೇಗ ಸದ್ದು, ಕಟ್.

ಈ ಮೂರು ಪ್ರಯತ್ನದಲ್ಲಿ ಮೂರು ಬೇರೆ ಬೇರೆ ತಪ್ಪುಗಳಿವೆ. ಅವನ್ನು ಒಂದೊಂದಾಗಿ ಬಿಡಿಸುತ್ತೇನೆ. ಎರಡನೆಯದು ಅಪಾಯಕಾರಿ, ಅದರ ಬಗ್ಗೆ ಜಾಸ್ತಿ ಹೇಳುತ್ತೇನೆ.

ಮೊದಲು ಲೈನೇ ಸರಿಯಿದೆಯಾ ನೋಡಿ

ನೀವು ಕಾಲ್ ಮಾಡಬೇಕಾದ ದೇಶದ ಬೇರೆ ಯಾವುದಾದರೂ ಮಾಮೂಲಿ ನಂಬರಿಗೆ ಕಾಲ್ ಮಾಡಿ. ಅಮ್ಮನ ಮೊಬೈಲ್ ಆದರೂ ಸರಿ. ವಾಟ್ಸಾಪ್‌ನಲ್ಲಲ್ಲ, ಸಾದಾ ಕಾಲ್. ಅದೂ ಹೋಗದಿದ್ದರೆ ನಂಬರಿನ ತಪ್ಪಲ್ಲ. ಸಿಮ್‌ನಲ್ಲಿ ಐಎಸ್‌ಡಿ (ಹೊರದೇಶಕ್ಕೆ ಕಾಲ್) ಸೌಲಭ್ಯ ಇಲ್ಲ, ಅಥವಾ ಬ್ಯಾಲೆನ್ಸ್ ಇಲ್ಲ, ಅಥವಾ ಲ್ಯಾಂಡ್‌ಲೈನ್ ಆದರೆ ಐಎಸ್‌ಡಿ ಲಾಕ್ ಆಗಿದೆ. ಅಲ್ಲಿಯೇ ಸರಿಪಡಿಸಿಕೊಳ್ಳಿ. ಅಮ್ಮನ ಫೋನ್ ರಿಂಗ್ ಆದರೆ ಮುಂದಕ್ಕೆ ಓದಿ.

ಕಿವಿಗೊಟ್ಟು ಕೇಳಿ

ಈ ಕೆಲಸದಲ್ಲಿ ಕಿವಿಗಿಂತ ಒಳ್ಳೆಯ ಉಪಕರಣ ಇಲ್ಲ. ಕಾಲ್ ಎಲ್ಲಿವರೆಗೆ ಹೋಯಿತು ಅನ್ನುವುದನ್ನು ಸದ್ದೇ ಹೇಳುತ್ತದೆ.

ಭಾರತದ ರಿಂಗ್ ಜೋಡಿ ಸದ್ದು. ಟ್ರಿಂಗ್-ಟ್ರಿಂಗ್, ಎರಡು ಸೆಕೆಂಡ್ ಬಿಡುವು, ಮತ್ತೆ ಟ್ರಿಂಗ್-ಟ್ರಿಂಗ್. ಬ್ರಿಟನ್ನಿನದೂ ಹೆಚ್ಚುಕಡಿಮೆ ಹೀಗೇ. ಅಮೆರಿಕದ್ದು ಹಾಗಲ್ಲ. ಎರಡು ಸೆಕೆಂಡ್ ಒಂದೇ ಉದ್ದನೆಯ ಸದ್ದು, ನಾಲ್ಕು ಸೆಕೆಂಡ್ ಮೌನ. ಜರ್ಮನಿಯಲ್ಲಿ ಒಂದು ಸೆಕೆಂಡ್ ಸದ್ದು, ನಾಲ್ಕು ಸೆಕೆಂಡ್ ಮೌನ. "ರಿಂಗ್ ಹೇಗಿತ್ತು, ಜೋಡಿಯಾ, ಒಂಟಿಯಾ?" ಅಂತ ಅಕ್ಕನನ್ನು ಕೇಳಿದೆ. "ಉದ್ದಕ್ಕೆ ಒಂದೇ ಇತ್ತು, ಆಮೇಲೆ ತುಂಬ ಹೊತ್ತು ಏನೂ ಇಲ್ಲ" ಅಂದಳು. ಕಾಲ್ ಭಾರತಕ್ಕೆ ಬಂದೇ ಇಲ್ಲ, ಅಮೆರಿಕಕ್ಕೆ ಹೋಗಿದೆ ಅಂತ ಆಗಲೇ ಗೊತ್ತಾಯಿತು.

ಏರುವ ಮೂರು ಸ್ವರ ಬಂದು ಆಮೇಲೆ ಧ್ವನಿಮುದ್ರಿತ ಮಾತು ಬಂದರೆ, ಯಾವುದೋ ಎಕ್ಸ್‌ಚೇಂಜ್ ನಿಮ್ಮ ನಂಬರನ್ನು ಓದಿ "ಇದು ನನಗೆ ಅರ್ಥವಾಗಲಿಲ್ಲ" ಅನ್ನುತ್ತಿದೆ ಅಂತ ಅರ್ಥ. ಆ ಮಾತು ಯಾವ ಭಾಷೆಯಲ್ಲಿದೆ ಗಮನಿಸಿ. ಅರಬ್ಬಿಯಲ್ಲಿದ್ದರೆ ಕಾಲ್ ಯುಎಇ ದಾಟಿಲ್ಲ. ಅಕ್ಕನ ಮೊದಲ ಪ್ರಯತ್ನ ಇದೇ, ಅದರಲ್ಲಿ ದೇಶದ ಕೋಡೇ ಇರಲಿಲ್ಲ. ಹಿಂದಿಯಲ್ಲೋ ಕನ್ನಡದಲ್ಲೋ ಇದ್ದರೆ ಭಾರತ ಮುಟ್ಟಿದೆ, ಇಲ್ಲಿ ಬಂದು ನಿಂತಿದೆ. ಬೇಗ ಬೇಗ ಬಡಿಯುವ ಬೀಪ್ ಬಂದರೆ ಆ ಕಡೆಯವರು ಬ್ಯುಸಿ ಅಂತಲ್ಲ. ಹೆಚ್ಚಾಗಿ ಅದು ದಾರಿ ಸಿಗಲಿಲ್ಲ ಅನ್ನುವ ಸೂಚನೆ. ನಿಜವಾದ ಬ್ಯುಸಿ ಟೋನ್ ನಿಧಾನ. ಭಾರತದಲ್ಲಿ ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಬಿಡುವು.

ಒಂದು ಎಚ್ಚರಿಕೆ. ಇಂಟರ್ನೆಟ್ ಕಾಲ್ ಆ್ಯಪ್‌ಗಳು ತಮ್ಮದೇ ರಿಂಗ್ ಸದ್ದು ಹಾಕುವುದುಂಟು. ಕಾಲರ್ ಟ್ಯೂನ್ ಇದ್ದರೆ ರಿಂಗೇ ಕೇಳಿಸುವುದಿಲ್ಲ. ಈ ಪರೀಕ್ಷೆಯನ್ನು ಸಾದಾ ಕಾಲ್‌ನಲ್ಲಿ ಮಾತ್ರ ನಂಬಿ.

ಸುಮ್ನೆ + ಹಾಕಬೇಡಿ

ಈಗ ಅಕ್ಕನ ಎರಡನೇ ಪ್ರಯತ್ನ. 00 ಅನ್ನುವುದು "ಹೊರದೇಶಕ್ಕೆ ಹೋಗಬೇಕು" ಅಂತ ಎಕ್ಸ್‌ಚೇಂಜ್‌ಗೆ ಕೊಡುವ ಸೂಚನೆ. ಭಾರತ, ಯುಎಇ, ಬ್ರಿಟನ್‌ಗಳಲ್ಲಿ ಅದು 00. ಅಮೆರಿಕ ಮತ್ತು ಕೆನಡಾದಲ್ಲಿ 011, ಆಸ್ಟ್ರೇಲಿಯಾದಲ್ಲಿ 0011, ಜಪಾನಿನಲ್ಲಿ 010. ಮೊಬೈಲ್‌ನಲ್ಲಿ ಇವೆಲ್ಲದರ ಬದಲು + ಹಾಕಿದರೆ ಸಾಕು, ಆಯಾ ದೇಶದ ಸೂಚನೆಯನ್ನು ಜಾಲವೇ ಅರ್ಥ ಮಾಡಿಕೊಳ್ಳುತ್ತದೆ. ಈ ಸೂಚನೆಯ ನಂತರ ಬರುವ ಅಂಕಿಗಳನ್ನೆಲ್ಲ ಎಕ್ಸ್‌ಚೇಂಜ್ ದೇಶದ ಕೋಡ್ ಅಂತಲೇ ಓದಲು ಶುರುಮಾಡುತ್ತದೆ.

ದೇಶದ ಕೋಡ್‌ಗಳನ್ನು ಕೊಡುವುದು ವಿಶ್ವಸಂಸ್ಥೆಯ ಅಂಗಸಂಸ್ಥೆ ಐಟಿಯು. ಅದರ ಇ.164 ಅನ್ನುವ ನಿಯಮದಂತೆ ಕೋಡ್ ಒಂದರಿಂದ ಮೂರು ಅಂಕಿ ಇರಬಹುದು, ಕೋಡ್ ಸೇರಿಸಿ ಇಡೀ ನಂಬರ್ 15 ಅಂಕಿ ಮೀರಬಾರದು. 1 ಅಂದರೆ ಅಮೆರಿಕ, ಕೆನಡಾ ಮತ್ತು ಜಮೈಕಾದಂಥ ಕೆರಿಬಿಯನ್ ದೇಶಗಳು. 7 ರಷ್ಯಾ ಮತ್ತು ಕಜಕಸ್ತಾನ್. 91 ನಮ್ಮದು, 94 ಶ್ರೀಲಂಕಾ, 98 ಇರಾನ್, 971 ಯುಎಇ.

ಈಗ 00 ಆದ ಮೇಲೆ 1800-xxx-xxxx ಇಡಿ. ಎಕ್ಸ್‌ಚೇಂಜ್ ಮೊದಲ ಅಂಕಿ ನೋಡುತ್ತದೆ: 1. ಅಮೆರಿಕ. ಮುಂದಿನ ಮೂರು: 800. ಅದು ಅಮೆರಿಕದ ಟೋಲ್-ಫ್ರೀ ಸರಣಿ, ಅಂದರೆ ಕಾಲ್ ಮಾಡಿದವರಿಗೆ ಖರ್ಚಿಲ್ಲದ ನಂಬರ್‌ಗಳು. ಉಳಿದದ್ದು ಏಳು ಅಂಕಿ. ಅಮೆರಿಕದ ನಂಬರಿಗೆ ಬೇಕಾದದ್ದೂ ಅಷ್ಟೇ! ನಮ್ಮ ಹನ್ನೊಂದು ಅಂಕಿಯ 1800 ನಂಬರ್ ಅಮೆರಿಕದ 1-800 ನಂಬರಿನ ಅಚ್ಚಿನಲ್ಲೇ ಇದೆ. ಹಾಗಾಗಿ ಮುಂದೆ + ಹಾಕಿದ ಕೂಡಲೇ ನಿಮ್ಮ ಬ್ಯಾಂಕಿನ ನಂಬರ್ ಅಮೆರಿಕದ ಯಾವುದೋ ಕಂಪನಿಯ ನಂಬರ್ ಆಗಿಬಿಡುತ್ತದೆ. ಆ ಕಡೆ ಯಾರು ಇರುತ್ತಾರೆ ಅನ್ನುವುದು ಅದೃಷ್ಟ. ತಪ್ಪಿ ಬರುವ ಕಾಲ್‌ಗಳನ್ನೇ ಕಾದು ಕೂತವರೂ ಇರುತ್ತಾರೆ. ಅಕ್ಕನಿಗೆ ಸಿಕ್ಕಿದ್ದು ಅಂಥವರು.

ಇದನ್ನು ದಯವಿಟ್ಟು ಹೊರದೇಶದಲ್ಲಿರುವ ನಿಮ್ಮವರಿಗೆಲ್ಲ ಹೇಳಿ. 1800ರ ಮುಂದೆ + ಇದ್ದರೆ ಅದು ಭಾರತವಲ್ಲ.

ಇದೇ ತಪ್ಪು ಮೊಬೈಲ್ ನಂಬರ್‌ಗಳಲ್ಲೂ ಆಗುತ್ತದೆ. ಊರಿನ ನಂಬರ್‌ಗಳನ್ನು ಹತ್ತೇ ಅಂಕಿಯಲ್ಲಿ ಸೇವ್ ಮಾಡಿಕೊಂಡು ಹೊರದೇಶಕ್ಕೆ ಹೋದವರು ಅಲ್ಲಿ ಅವಸರದಲ್ಲಿ + ಮಾತ್ರ ಸೇರಿಸುತ್ತಾರೆ. ಕರ್ನಾಟಕದ ಬಿಎಸ್ಎನ್ಎಲ್ ನಂಬರ್ ಎಷ್ಟೋ 9448ರಿಂದ ಶುರು. ಮುಂದೆ ಬರೀ + ಹಾಕಿದರೆ ಅದು ಶ್ರೀಲಂಕಾ. 98ರಿಂದ ಶುರುವಾಗುವ ನಂಬರ್ ಇರಾನಿಗೆ, 90ರದ್ದು ಟರ್ಕಿಗೆ, 81ರದ್ದು ಜಪಾನಿಗೆ. ಫೋನಿನಲ್ಲಿರುವ ಎಲ್ಲ ನಂಬರನ್ನೂ +91 ಹಾಕಿಯೇ ಸೇವ್ ಮಾಡಿ. ಊರಲ್ಲಿದ್ದಾಗಲೂ ಆ ನಂಬರ್ ಹಾಗೇ ಕೆಲಸ ಮಾಡುತ್ತದೆ, ಜಾಸ್ತಿ ದುಡ್ಡೂ ಹಿಡಿಯುವುದಿಲ್ಲ.

ಇನ್ನು ಸೊನ್ನೆಯ ವಿಷಯ. 080 ಅನ್ನುವ ಬೆಂಗಳೂರಿನ ಎಸ್‌ಟಿಡಿ ಕೋಡ್‌ನಲ್ಲಿ ಸೊನ್ನೆ ಕೋಡಿನ ಭಾಗವಲ್ಲ. ಅದು ದೇಶದೊಳಗೆ ಬೇರೆ ಊರಿಗೆ ಅನ್ನುವ ಸೂಚನೆ. ಹೊರಗಿನಿಂದ +91 80, ಆಮೇಲೆ ಎಂಟು ಅಂಕಿ. ಮೈಸೂರಾದರೆ +91 821, ಮಂಗಳೂರಾದರೆ +91 824, ಆಮೇಲೆ ಏಳು ಅಂಕಿ. 91 ಬಿಟ್ಟು ಎಣಿಸಿದರೆ ಹತ್ತು ಇರಬೇಕು. ಹನ್ನೊಂದಿದ್ದರೆ ಸೊನ್ನೆ ಒಳಗೇ ಉಳಿದಿದೆ. ದುಬೈ ಮೊಬೈಲ್ 050 ಇದ್ದರೆ +971 50. ಇಟಲಿಯ ಲ್ಯಾಂಡ್‌ಲೈನ್ ಮಾತ್ರ ಬೇರೆ, ಅಲ್ಲಿ ಸೊನ್ನೆಯನ್ನು ಉಳಿಸಿಕೊಂಡೇ ಒತ್ತಬೇಕು.

+91 ಹಾಕಿದರೂ 1800 ಯಾಕೆ ಹೋಗುವುದಿಲ್ಲ

ಅಕ್ಕನ ಮೂರನೇ ಪ್ರಯತ್ನ ನೋಡಲು ಸರಿಯಾಗಿಯೇ ಇತ್ತು. ದೇಶದ ಕೋಡ್ ಇದೆ, ನಂಬರ್ ಇದೆ. ಆದರೂ ಹೋಗಲಿಲ್ಲ. ಕಾರಣ ಎರಡು.

ಒಂದು, ಟೋಲ್-ಫ್ರೀ ನಂಬರ್ ನಿಜವಾದ ವಿಳಾಸವಲ್ಲ. ಮನೆಯಲ್ಲಿ ಕರೆಯುವ ಹೆಸರಿದ್ದ ಹಾಗೆ. ಓಣಿಯಲ್ಲಿ "ಪುಟ್ಟಣ್ಣನ ಮನೆ" ಅಂದರೆ ಎಲ್ಲರೂ ತೋರಿಸುತ್ತಾರೆ, ಬೇರೆ ಊರಿನ ಪೋಸ್ಟ್‌ಮ್ಯಾನ್‌ಗೆ ಅದು ಸಾಲದು. ನೀವು ಭಾರತದಲ್ಲಿ 1800 ಒತ್ತಿದಾಗ ಎಕ್ಸ್‌ಚೇಂಜ್ ಒಂದು ಕೇಂದ್ರ ಪಟ್ಟಿಯನ್ನು ಕೇಳುತ್ತದೆ: ಇದರ ಹಿಂದಿರುವ ನಿಜವಾದ ನಂಬರ್ ಯಾವುದು? ಪಟ್ಟಿ ಹೇಳುತ್ತದೆ, ಈಗ ಹಗಲು, ಬೆಂಗಳೂರಿನ ಈ ಲೈನಿಗೆ ಕಳಿಸು. ರಾತ್ರಿಯಾದರೆ ಬೇರೆ ಊರಿನ ಕಾಲ್ ಸೆಂಟರ್‌ಗೆ ಕಳಿಸು. ಆ ಪಟ್ಟಿ ಇರುವುದು ಭಾರತದಲ್ಲಿ. ಶಾರ್ಜಾದ ಎಕ್ಸ್‌ಚೇಂಜ್‌ಗೆ ಅದು ಕಾಣುವುದಿಲ್ಲ.

ಎರಡನೆಯದು ದುಡ್ಡು, ಅದೇ ದೊಡ್ಡ ಕಾರಣ. ಮಾಮೂಲಿ ಕಾಲ್‌ಗೆ ಮಾಡಿದವರು ಕೊಡುತ್ತಾರೆ. ಆ ದುಡ್ಡಿನಲ್ಲೇ ಅವರ ಕಂಪನಿ ಈ ಕಡೆಯ ಕಂಪನಿಗೆ ಕಾಲ್ ಮುಟ್ಟಿಸಿದ್ದಕ್ಕೆ ಪಾಲು ಕೊಡುತ್ತದೆ. ಟೋಲ್-ಫ್ರೀಯಲ್ಲಿ ದುಡ್ಡು ಕೊಡುವುದು ನಂಬರಿನ ಒಡೆಯ, ಅಂದರೆ ಬ್ಯಾಂಕ್. ಬ್ಯಾಂಕ್ ಒಪ್ಪಂದ ಮಾಡಿಕೊಂಡಿರುವುದು ಭಾರತದ ಕಂಪನಿಯ ಜೊತೆ, ಭಾರತದೊಳಗಿನ ಕಾಲ್‌ಗಳಿಗೆ. ಶಾರ್ಜಾದಿಂದ ಬಂದ ಕಾಲ್‌ನ ಖರ್ಚು ಯಾರು ಕೊಡಬೇಕು? ಯಾರ ಹೆಸರೂ ಇಲ್ಲ. ಹಾಗಾಗಿ ಹೊರದೇಶದ ಬಹಳಷ್ಟು ಕಂಪನಿಗಳು +91 1800 ಅನ್ನು ತಮ್ಮಲ್ಲೇ ತಡೆಯುತ್ತವೆ. ಅಪರೂಪಕ್ಕೆ ಹೋದರೂ ಅದು ಉಚಿತವಲ್ಲ, ಐಎಸ್‌ಡಿ ದರ ಬೀಳುತ್ತದೆ. ಕೆಲವು ಸಂಸ್ಥೆಗಳು ತಮ್ಮ ಪುಟಗಳಲ್ಲಿ +91 1800 ಅಂತ ಅಚ್ಚು ಹಾಕುತ್ತವೆ. ಅದನ್ನು ನೋಡಿ ಮೋಸ ಹೋಗಬೇಡಿ.

ಪರಿಹಾರ ಒಂದೇ: ಕರೆಯುವ ಹೆಸರಿನ ಹಿಂದಿರುವ ವಿಳಾಸ ಹುಡುಕುವುದು. +91 22, +91 80, +91 44 ಹೀಗೆ ಊರಿನ ಕೋಡ್ ಇರುವ ನಂಬರ್. ಬ್ಯಾಂಕುಗಳು ಎನ್‌ಆರ್‌ಐ ಗ್ರಾಹಕರಿಗೆ ಅಂತ ಇಂಥದ್ದೊಂದನ್ನು ಕೊಟ್ಟಿರುತ್ತವೆ. ಅಕ್ಕನ ಬ್ಯಾಂಕಿನದು ಇ-ಸ್ಟೇಟ್‌ಮೆಂಟಿನ ಕೊನೇ ಪುಟದಲ್ಲಿ ತುಂಬ ಸಣ್ಣ ಅಕ್ಷರದಲ್ಲಿತ್ತು, ಮುಂಬೈ ನಂಬರ್. ಅದನ್ನು ಒತ್ತಿದಳು. ಟ್ರಿಂಗ್-ಟ್ರಿಂಗ್, ಜೋಡಿ ಸದ್ದು. ನಾಲ್ಕು ನಿಮಿಷದಲ್ಲಿ ಕಾರ್ಡ್ ಬ್ಲಾಕ್ ಆಯಿತು.

ಆ ನಂಬರನ್ನು ಸ್ಟೇಟ್‌ಮೆಂಟಿನಲ್ಲೋ ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲೋ ಮಾತ್ರ ಹುಡುಕಿ. ಗಾಬರಿಯಲ್ಲಿ ಗೂಗಲ್‌ನಲ್ಲಿ "ಕಸ್ಟಮರ್ ಕೇರ್" ಅಂತ ಹುಡುಕಿದರೆ ವಂಚಕರು ಹಾಕಿಟ್ಟ ನಂಬರ್ ಮೊದಲು ಸಿಗಬಹುದು.

ನಂಬರ್ 1860ರಿಂದ ಶುರುವಾದರೂ ಇದೇ ಕಥೆ. ಅದು ಭಾರತದಲ್ಲೂ ಉಚಿತವಲ್ಲ, ಕಾಲ್ ದರ ಬೀಳುತ್ತದೆ. ತುರ್ತು ನೆರವಿನ 112, ಸೈಬರ್ ವಂಚನೆ ದೂರಿನ 1930ರಂಥ ಗಿಡ್ಡ ನಂಬರ್‌ಗಳು ಇರುವುದೂ ದೇಶದೊಳಗಿನಿಂದ ಒತ್ತಲೆಂದೇ.

ಭಾರತದ ಸಿಮ್ ರೋಮಿಂಗ್‌ನಲ್ಲಿದ್ದರೆ? ಫೋನ್ ನಮ್ಮದಾದರೂ ಸಾಮಾನ್ಯವಾಗಿ ಕಾಲ್ ಅಲ್ಲಿನ ಜಾಲದಿಂದಲೇ ಹೊರಡುತ್ತದೆ. ನಂಬರನ್ನು ಓದುವುದು ಅಲ್ಲಿನವರೇ. ಹಾಗಾಗಿ ರೋಮಿಂಗ್‌ನಲ್ಲೂ +91 ಹಾಕಿ ಊರಿನ ಕೋಡ್ ಇರುವ ನಂಬರನ್ನೇ ಒತ್ತಿ.

ಇಲ್ಲಿಂದ ಅಲ್ಲಿಗೆ

ಉಲ್ಟಾ ತೊಂದರೆಯೂ ಅಷ್ಟೇ ಸಾಮಾನ್ಯ. ಅಮೆರಿಕದಿಂದ ಮಗ ತಂದುಕೊಟ್ಟ ಯಂತ್ರ ಕೆಟ್ಟಿದೆ, ಪೆಟ್ಟಿಗೆಯ ಮೇಲೆ 1-800 ನಂಬರ್ ಇದೆ. ಇಲ್ಲಿಂದ ಅದನ್ನು ಹಾಗೇ ಒತ್ತಿದರೆ ಭಾರತದ ಯಾವುದೋ ಕಂಪನಿಯ ಟೋಲ್-ಫ್ರೀಗೆ ಹೋಗಬಹುದು. ಕಾರಣ ಮೇಲಿನದೇ, ಎರಡೂ ಒಂದೇ ಅಚ್ಚು.

ಅಮೆರಿಕದಲ್ಲಿ 800 ಸರಣಿಯನ್ನು ಎಟಿ ಆ್ಯಂಡ್ ಟಿ 1967ರಲ್ಲಿ ಶುರುಮಾಡಿತು. ನಂಬರ್ ಸಾಲದೆ 1996ರಲ್ಲಿ 888 ಬಂತು, ಆಮೇಲೆ 877, 866, 855, 844, 833. +1 ಆದ ಮೇಲೆ ಈ ಏಳರಲ್ಲಿ ಯಾವುದಿದ್ದರೂ ಅದು ಟೋಲ್-ಫ್ರೀ. ಭಾರತದಿಂದ +1 800 ಒತ್ತಿದರೆ ಕೆಲವೊಮ್ಮೆ ಹೋಗುತ್ತದೆ, ಆದರೆ ಐಎಸ್‌ಡಿ ದರದಲ್ಲಿ. ಹೋಗದಿದ್ದರೆ ನಿಮ್ಮ ಕಂಪನಿ ತಡೆದಿರಬಹುದು, ಅಥವಾ ಆ ಕಡೆಯ ಒಡೆಯನೇ ಹೊರದೇಶದ ಕಾಲ್ ಬೇಡ ಅಂತ ಹೇಳಿರಬಹುದು. ಹೀಗೆ ಒಡೆಯ ಬಯಸಿದರೆ ಪಕ್ಕದ ಕೆನಡಾದಿಂದಲೂ ಆ ನಂಬರ್ ಸಿಗದ ಹಾಗೆ ಮಾಡಬಹುದು. "ಅಮೆರಿಕದ ಹೊರಗಿನವರಿಗೆ" ಅಂತ ಬರೆದಿರುವ ನಂಬರ್ ಹುಡುಕಿ. ಅದು 212, 408ರಂಥ ಊರಿನ ಕೋಡ್‌ನಿಂದ ಶುರುವಾಗಿರುತ್ತದೆ.

ಇನ್ನೊಂದು ದಾರಿ ಇಂಟರ್ನೆಟ್ ಕಾಲ್. ಕಾಲ್ ಅಮೆರಿಕದ ಒಳಗೆ ಫೋನ್ ಜಾಲಕ್ಕೆ ಇಳಿಯುವ ಆ್ಯಪ್ ಬಳಸಿದರೆ, ಅಲ್ಲಿಯ ಎಕ್ಸ್‌ಚೇಂಜ್‌ಗೆ ಅದು ಸ್ಥಳೀಯ ಕಾಲ್ ಆಗಿ ಕಾಣುತ್ತದೆ, 800 ಸಿಗುತ್ತದೆ. ಇದಕ್ಕೆ ಮುಂಚೆ ಎಲ್ಲರೂ ಸ್ಕೈಪ್ ಬಳಸಿ ಅನ್ನುತ್ತಿದ್ದರು. 2025ರ ಮೇ ತಿಂಗಳಲ್ಲಿ ಸ್ಕೈಪ್ ನಿಂತುಹೋಯಿತು, ಹಳೆಯ ಸಲಹೆ ನೋಡಿ ಸಮಯ ಕಳೆಯಬೇಡಿ.

ಬ್ರಿಟನ್ನಿನಲ್ಲಿ 0800 ಮತ್ತು 0808 ಉಚಿತ. ಅಲ್ಲಿಯೇ ಮೊಬೈಲ್‌ನಿಂದ ಉಚಿತವಾದದ್ದು 2015ರ ಜುಲೈ 1ರಿಂದ. ಅಲ್ಲಿನ ಸಂಸ್ಥೆಯ 01 ಅಥವಾ 02ರಿಂದ ಶುರುವಾಗುವ ನಂಬರ್ ಹುಡುಕಿ, ಸೊನ್ನೆ ಬಿಟ್ಟು +44 ಹಾಕಿ.

ಯುಎಇಯ ಟೋಲ್-ಫ್ರೀ ನಂಬರ್‌ಗಳು 800ರಿಂದ ಶುರು, ಮುಂದೆ ಎಷ್ಟು ಅಂಕಿ ಅನ್ನುವುದು ಒಂದೊಂದಕ್ಕೆ ಒಂದೊಂದು ಥರ. ಅಲ್ಲಿರುವ ಭಾರತೀಯರಿಗೆ ನೆರವಾಗುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ನಂಬರ್ 800 46342. ಕೀಪ್ಯಾಡಿನ ಅಕ್ಷರಗಳಲ್ಲಿ ಓದಿದರೆ ಆ ಐದು ಅಂಕಿ "ಇಂಡಿಯಾ" ಅಂತ ಆಗುತ್ತದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಈ ನಂಬರ್ ಗೋಡೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದನ್ನು ಕಂಡಿದ್ದೇನೆ. ಆದರೆ ಅದು ಯುಎಇಯ ಒಳಗಿನಿಂದ ಒತ್ತುವವರಿಗೆ. ಉಡುಪಿಯಲ್ಲಿ ಕೂತ ತಾಯಿ ಒತ್ತಿದರೆ ಹೋಗುವುದಿಲ್ಲ. ದುಬೈ ಕಾನ್ಸುಲೇಟಿನ +971 4 ಇರುವ ನಂಬರನ್ನೂ ಅದರ ಪಕ್ಕದಲ್ಲೇ ಬರೆದಿಡಿ.

ನಿಜವಾಗಿ ಗಡಿ ದಾಟುವ ಎರಡು ಬಗೆ

ಯಾವ ದೇಶಕ್ಕೂ ಸೇರದ ಒಂದು ಕೋಡ್ ಇದೆ: +800. ಐಟಿಯು ಇದನ್ನು ಅಂತರರಾಷ್ಟ್ರೀಯ ಟೋಲ್-ಫ್ರೀಗೆ ಅಂತಲೇ ಇಟ್ಟಿದೆ. 800 ಆದ ಮೇಲೆ ಸರಿಯಾಗಿ ಎಂಟು ಅಂಕಿ. ಭಾರತ, ಯುಎಇಯಿಂದ 00 800, ಅಮೆರಿಕದಿಂದ 011 800. ಆದರೆ ಒಡೆಯ ಯಾವ ದೇಶಗಳಿಗೆ ದುಡ್ಡು ಕಟ್ಟಿದ್ದಾನೋ ಅಲ್ಲಿಂದ ಮಾತ್ರ ಹೋಗುತ್ತದೆ, ಅದರಲ್ಲೂ ಎಲ್ಲ ಮೊಬೈಲ್ ಕಂಪನಿಗಳು ಬಿಡುವುದಿಲ್ಲ. ಮೊಬೈಲ್‌ನಿಂದ ಹೋಗದಿದ್ದರೆ ಲ್ಯಾಂಡ್‌ಲೈನ್‌ನಿಂದ ಒಮ್ಮೆ ನೋಡಿ. ಯುಎಇಯ 800 ನಂಬರಿಗೆ + ಹಾಕಿದರೂ ಕಾಲ್ ಈ ಕೋಡ್‌ಗೇ ಹೋಗಿ ನಿಲ್ಲುತ್ತದೆ. ಅದೂ ಅಕ್ಕನ ತಪ್ಪಿನ ಜಾತಿಯದೇ.

ಇನ್ನೊಂದು ಬಗೆಯಲ್ಲಿ, ಹೊರದೇಶದ ಸಂಸ್ಥೆ ಒಂದೊಂದು ದೇಶದಲ್ಲೂ ಅಲ್ಲಿನ ರೂಪದ ನಂಬರ್ ತೆಗೆದುಕೊಳ್ಳುತ್ತದೆ. ಭಾರತದಲ್ಲಿ ಇವು 000 800ರಿಂದ ಶುರುವಾಗುತ್ತವೆ. ನೋಡಲು ವಿಚಿತ್ರ, ಆದರೆ ಆ ಮೂರು ಸೊನ್ನೆಯೂ ಬೇಕು. ಕಾಲ್ ಸೆಂಟರಿನಲ್ಲಿದ್ದಾಗ ಈ ನಂಬರಿನ ಬಗ್ಗೆ ಒಂದೇ ದೂರು ಮತ್ತೆ ಮತ್ತೆ ಬರುತ್ತಿತ್ತು. ನೋಡಿದರೆ ಗ್ರಾಹಕರು ಮೊದಲ ಎರಡು ಸೊನ್ನೆಯನ್ನು 00 ಅಂದುಕೊಂಡು +0800 ಅಂತ ಸೇವ್ ಮಾಡಿರುತ್ತಿದ್ದರು. ಸೊನ್ನೆಯಿಂದ ಶುರುವಾಗುವ ದೇಶದ ಕೋಡ್ ಜಗತ್ತಿನಲ್ಲಿ ಒಂದೂ ಇಲ್ಲ, ಕಾಲ್ ಎಲ್ಲಿಗೂ ಹೋಗುವುದಿಲ್ಲ. + ತೆಗೆದು 000 800 ಅಂತಲೇ ಬರೆದರೆ ಆಗಲೇ ಸರಿಯಾಗುತ್ತಿತ್ತು. ಈ ನಂಬರ್ ಭಾರತದೊಳಗೆ ಮಾತ್ರ. ದುಬೈಗೆ ಹೋದ ಮೇಲೆ ಅದೇ ಸಂಸ್ಥೆಯ ದುಬೈ ನಂಬರ್ ಬೇರೆ.

ಲೈನ್ ಸಿಕ್ಕಿತು, ಆದರೂ ಕೆಲಸ ಆಗುತ್ತಿಲ್ಲ

"ಕನ್ನಡಕ್ಕಾಗಿ ಇಷ್ಟು ಒತ್ತಿ" ಅಂದಾಗ ಒತ್ತಿದರೂ ಆ ಕಡೆಯ ಯಂತ್ರಕ್ಕೆ ಕೇಳಿಸುವುದಿಲ್ಲ. ಕೀಲಿಯ ಸದ್ದು ದಾರಿಯಲ್ಲಿ ಕುಗ್ಗಿ ಹಾಳಾಗಿರುತ್ತದೆ. ಇಂಟರ್ನೆಟ್ ಕಾಲ್‌ಗಳಲ್ಲಿ ಇದು ಜಾಸ್ತಿ. ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಆಗದಿದ್ದರೆ ಏನೂ ಒತ್ತದೆ ಕಾಯಿರಿ, ಎಷ್ಟೋ ಕಡೆ ಕೊನೆಗೆ ಮನುಷ್ಯರಿಗೆ ಕೊಡುತ್ತಾರೆ. ಅದೂ ಆಗದಿದ್ದರೆ ಸಾದಾ ಕಾಲ್ ಮಾಡಿ.

ಬ್ಯಾಂಕ್ ನಿಮ್ಮ ನಂಬರ್ ಗುರುತಿಸದಿದ್ದರೆ ಗಾಬರಿ ಬೇಡ. ಗಡಿ ದಾಟುವಾಗ ನಿಮ್ಮ ನಂಬರ್ ಕಳೆದುಹೋಗುವುದೋ ಬದಲಾಗುವುದೋ ಉಂಟು. ಖಾತೆಯ ವಿವರ ಹೇಳಿ ಗುರುತು ಮಾಡಿಸಿಕೊಳ್ಳಬಹುದು. ಒಟಿಪಿ, ಪಿನ್ ಮಾತ್ರ ಯಾರಿಗೂ ಹೇಳಬೇಡಿ.

ಈಗ ಅಕ್ಕನ ಫೋನಿನಲ್ಲಿ "ಬ್ಯಾಂಕ್ - ಶಾರ್ಜಾದಿಂದ" ಅಂತ ಒಂದು ಹೆಸರಿದೆ, ಅದರಲ್ಲಿ +91 22 ಇರುವ ನಂಬರ್. 1800 ನಂಬರನ್ನು "ಬ್ಯಾಂಕ್ - ಊರಿಗೆ ಬಂದಾಗ ಮಾತ್ರ" ಅಂತ ಬೇರೆ ಇಟ್ಟಿದ್ದಾಳೆ. ಕಳೆದ ತಿಂಗಳು ಅವಳ ಗಂಡನ ಕಾರ್ಡಿಗೂ ಹೀಗೇ ಮಾಡಿ, ಹಗಲಲ್ಲೇ ಒಮ್ಮೆ ಒತ್ತಿ ನೋಡಿದಳು. ಫೋನನ್ನು ಸ್ಪೀಕರಿನಲ್ಲಿಟ್ಟು ನನಗೂ ಕೇಳಿಸಿದಳು. ಟ್ರಿಂಗ್-ಟ್ರಿಂಗ್. ಬಿಡುವು. ಟ್ರಿಂಗ್-ಟ್ರಿಂಗ್.